ಕಡಿಮೆ ತುಂಬಿದ ಸಿರಿಂಜು

"ಸ್ವಲ್ಪ ಕಮ್ಮಿ ಹಾಕಿ ಮೇಡಂ. ಹೆಣ್ಮಗು. ಮುಂದೆ ಮದುವೆ, ಮಕ್ಕಳು ಎಲ್ಲಾ ಆಗ್ಬೇಕಲ್ವಾ?"

ಜೋಗುಪಾಳ್ಯದಿಂದ ಒಂಬತ್ತು ವರ್ಷದ ಮಗಳನ್ನು ಕರೆತಂದಿದ್ದ ತಾಯಿ ಇಷ್ಟನ್ನೇ ಮೂರು ಸಲ ಹೇಳಿದರು. ದಂಡು ಪ್ರದೇಶದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ನಾನು ಮೂಳೆ ಸ್ಕ್ಯಾನ್ ಮಾಡುವ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಹುಡುಗಿಯ ಎಡ ತೊಡೆಯಲ್ಲಿ ತಿಂಗಳುಗಟ್ಟಲೆ ನೋವು. ಮೂಳೆಯಲ್ಲಿ ಗೆಡ್ಡೆ ಬೆಳೆದಿದೆಯೇ, ಬೇರೆಡೆಗೂ ಹರಡಿದೆಯೇ ಎಂದು ನೋಡಬೇಕಿತ್ತು.

ವಿಕಿರಣ ಸೂಸುವ ಔಷಧಿಯನ್ನು ಚುಚ್ಚಿ, ಅದು ಮೂಳೆ ಸೇರಲು ಮೂರು ಗಂಟೆ ಬಿಟ್ಟು, ಆಮೇಲೆ ಕ್ಯಾಮೆರಾದ ಕೆಳಗೆ ಮಲಗಿಸುತ್ತೇವೆ. ಗೆಡ್ಡೆಯಿದ್ದಲ್ಲಿ ಔಷಧಿ ಹೆಚ್ಚು ಸೇರಿ ಕಪ್ಪಾಗಿ ಕಾಣುತ್ತದೆ. ಔಷಧಿ ಕಡಿಮೆಯಾದಷ್ಟೂ ಕ್ಯಾಮೆರಾ ಹೆಚ್ಚು ಹೊತ್ತು ನೋಡಬೇಕು. ಅಷ್ಟು ಹೊತ್ತೂ ಮೈ ಅಲುಗಬಾರದು. ಮಗುವಿನ ತೂಕ ನೋಡಿ ಡಾಕ್ಟರು ಕನಿಷ್ಠ, ಗರಿಷ್ಠ ಎರಡನ್ನೂ ಬರೆದುಕೊಡುತ್ತಿದ್ದರು. ನಡುವೆ ಎಲ್ಲಿ ನಿಲ್ಲಬೇಕೆಂಬುದು ನನಗೆ ಬಿಟ್ಟಿದ್ದು. ನಾನು ಕನಿಷ್ಠಕ್ಕೇ ನಿಲ್ಲಿಸಿದೆ.

"ಸ್ಟ್ಯಾಚು ಆಟ ಗೊತ್ತಾ?" ಎಂದು ಹುಡುಗಿಯನ್ನು ಕೇಳಿದೆ.

"ನಮ್ ಬೀದೀಲಿ ನಾನೇ ಫಸ್ಟು. ನೀವು ಓವರ್ ಅನ್ನೋವರ್ಗೂ ಅಲುಗಲ್ಲ. ಅನ್ನೋದು ಮರೀಬೇಡಿ ಅಕ್ಕಾ."

ಅರ್ಧ ಗಂಟೆಯ ಹತ್ತಿರ ಹತ್ತಿರ ಅವಳು ಕಣ್ಣು ಮಾತ್ರ ಮಿಟುಕಿಸಿದಳು. ಕ್ಯಾಮೆರಾ ತಲೆಯಿಂದ ಸೊಂಟಕ್ಕೆ ಇಳಿದು, ತೊಡೆ ತಲುಪುವ ಹೊತ್ತಿಗೆ ನೋವು ತಡೆಯಲಾಗದೆ ಕಾಲು ಮಡಚಿಬಿಟ್ಟಳು. ಬೇಕಾಗಿದ್ದ ಜಾಗವೇ ಕಲಸಿಹೋಯಿತು. ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಬಿಟ್ಟು, ಮತ್ತೆ ಮಲಗಿಸಿದೆ. ಆಗ ಔಷಧಿಯ ಶಕ್ತಿ ಇನ್ನೂ ಇಳಿದಿತ್ತು, ಅವಳು ಅಳುತ್ತಿದ್ದಳು.

ಡಾಕ್ಟರು ಪರದೆ ನೋಡಿದರು. "ಇದ್ರಲ್ಲಿ ಏನಂತ ಹೇಳ್ಲಿ ರೀ ನಾನು? ಮಂಗಳವಾರ ಕರೀರಿ. ಫುಲ್ ಡೋಸ್ ಹಾಕಿ."

ಕಡಿಮೆಯಾಗಲಿ ಎಂದು ಮಾಡಿದ್ದು. ಈಗ ಮೊದಲಿನದೂ ಸೇರಿ ಆ ಮೈಗೆ ಮಾಮೂಲಿಗಿಂತ ಹೆಚ್ಚೇ ಆಗುತ್ತಿತ್ತು.

"ಮತ್ತೆ ಔಷಧಿನಾ? ಯಾಕೆ ಮೇಡಂ?" ತಾಯಿ ಕೇಳಿದರು.

"ಕಾಲು ಅಲುಗಿತು," ಎಂದೆ.

ಅವರು ಮಗಳ ತಲೆಗೆ ಮೊಟಕಿದರು. "ಸುಮ್ನೆ ಮಲ್ಕೊಳಕ್ಕೆ ಏನೇ ರೋಗ ನಿಂಗೆ? ಬೀದೀಲಿ ಫಸ್ಟಂತೆ, ಫಸ್ಟು!"

ತಪ್ಪು ಅವಳದಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ, ಮಂಗಳವಾರ ಎಷ್ಟು ಗಂಟೆಗೆ ಬರಬೇಕೆಂದು ಹೇಳಿ ಮುಚ್ಚಿದೆ.

ಮಂಗಳವಾರ ಅವಳು ತಾನಾಗಿಯೇ ಹತ್ತಿ ಮಲಗಿದಳು. "ಈ ಸಲ ನೋಡಿ ಅಕ್ಕಾ," ಎಂದಳು. ಮೊದಲ ಸಲಕ್ಕಿಂತ ಬೇಗ ಕ್ಯಾಮೆರಾ ತೊಡೆಗೆ ಬಂತು. ಪರದೆಯ ಮೇಲೆ ಒಂದೊಂದೇ ಚುಕ್ಕಿ ಕೂಡಿ ಬೆನ್ನುಮೂಳೆಯ ಮಣಿಗಳು, ಪಕ್ಕೆಲುಬು, ಸೊಂಟ ಎಲ್ಲ ಬಿಡಿಬಿಡಿಯಾಗಿ ಕಂಡವು. ಎಡ ತೊಡೆಯಲ್ಲಿ ದಟ್ಟ ಕಪ್ಪು. ಎರಡು ಪಕ್ಕೆಲುಬುಗಳ ಮೇಲೂ. ಮೊದಲ ದಿನದ ಮಸುಕು ಚಿತ್ರ ತೆಗೆದು ನೋಡಿದೆ. ಪಕ್ಕೆಲುಬಿನ ಆ ಎರಡು ಗುರುತು ಅದರಲ್ಲೂ ಇದ್ದವು, ಕಾಳುಕಾಳಾದ ನೆರಳಿನಲ್ಲಿ ಸೇರಿಹೋಗಿದ್ದವು ಅಷ್ಟೆ.

ಫಲಿತಾಂಶ ಹೇಳುವುದು ನನ್ನ ಕೆಲಸವಲ್ಲ. ಹೊರಗಿನ ಬೆಂಚಿನಲ್ಲಿ ತಾಯಿ ಮಗಳ ಚಪ್ಪಲಿ ಹಿಡಿದು ಕೂತಿದ್ದರು. ಎದ್ದು ಹೋಗಿ ಡಾಕ್ಟರನ್ನು ಕರೆಯಬೇಕಿತ್ತು. ಕುರ್ಚಿಯಲ್ಲೇ ಕೂತು ಎರಡೂ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದೆ.

ಕ್ಯಾಮೆರಾ ನಿಂತು ಎಷ್ಟು ಹೊತ್ತಾಗಿತ್ತೋ. ಗಾಜಿನಾಚೆ ಅವಳು ಇನ್ನೂ ಅಲುಗದೆ ಮಲಗಿದ್ದಳು. ನಾನು ಓವರ್ ಅಂದಿರಲಿಲ್ಲ.