ಖಂಡೆ ಪೂಜೆಗೆ ಅಳಿಸಿದ ಹೊಲ

ನನ್ನ ಕೈ ಸುಮ್ಮನಿರುವ ಕೈಯಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಬಿಚ್ಚಿ ನೋಡದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಸಿಂಧನೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದದ್ದು ಸಾಲದೆಂದು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮನ್ನೂ ತಂದು ಹಾಕಿದವನು ನಾನೇ. ಗುಂಡಿ ಒತ್ತಿದರೆ ಯಾವುದು ಬೇಕೆಂದು ಕೇಳುತ್ತದೆ. ವಿಂಡೋಸ್ ಅಕ್ಕನದು, ಲಿನಕ್ಸ್ ನನ್ನದು. ಒಂದೇ ಮನೆಯಲ್ಲಿ ಎರಡು ಒಲೆ.

ಅಕ್ಕ ಲಿಂಗಸುಗೂರಿನಲ್ಲಿ ನರ್ಸ್. ರಜೆ ಸಿಕ್ಕ ಭಾನುವಾರ ಬಸ್ಸು ಹತ್ತಿ ಬಂದು, ಚಪ್ಪಲಿ ಬಿಟ್ಟವಳೇ ಕಂಪ್ಯೂಟರ್ ಮುಂದೆ ಕೂಡುತ್ತಿದ್ದಳು. ಅವಳು ಆಡುತ್ತಿದ್ದದ್ದು ಒಂದೇ ಆಟ, ಒಕ್ಕಲುತನದ ಆಟ. ಮೂರು ವರ್ಷ ಉತ್ತು ಬಿತ್ತಿ, ತುಂಡು ತುಂಡಾಗಿ ಜಮೀನು ಕೊಂಡು, ಹೊಳೆಯ ದಂಡೆಗೆ ಮನೆ ಕಟ್ಟಿ, ಸುತ್ತ ಗಿಡ ಹಚ್ಚಿದ್ದಳು. ನಮ್ಮ ಮನೆತನದಲ್ಲಿ ಯಾರಿಗೂ ಒಂದು ಗುಂಟೆ ನೆಲವಿರಲಿಲ್ಲ. ಅವ್ವ ತುರ್ವಿಹಾಳದಲ್ಲಿ ಬೇರೆಯವರ ಗದ್ದೆಗಳಿಗೆ ಸಸಿ ಹಚ್ಚಿ ನಮ್ಮಿಬ್ಬರನ್ನು ಓದಿಸಿದವಳು. ಅಕ್ಕ ಅದನ್ನು ಎಂದೂ ಆಟ ಅನ್ನುತ್ತಿರಲಿಲ್ಲ, ‘ನನ್ನ ಹೊಲ’ ಅನ್ನುತ್ತಿದ್ದಳು.

ಮಹಾನವಮಿಯ ಹಿಂದಿನ ದಿನ. ನಾನು ಪಾಠ ಹೇಳುವ ಮಸ್ಕಿಯ ಶಾಲೆಗೆ ರಜೆ. ಖಂಡೆ ಪೂಜೆಗೆಂದು, ಅಂದರೆ ಆಯುಧ ಪೂಜೆಗೆಂದು, ಕುಡುಗೋಲು, ಈಳಿಗೆ, ಬೈಕು, ಕಂಪ್ಯೂಟರ್ ಎಲ್ಲವನ್ನೂ ಒರೆಸಿ ಇಡುವುದು ನಮ್ಮ ರೂಢಿ. ಹೊರಗೆ ಒರೆಸಿದವನು ಒಳಗೂ ಒರೆಸೋಣವೆಂದು ಕುಳಿತೆ. ಡಿಸ್ಕಿನಲ್ಲಿ ಜಾಗ ಮುಗಿಯುತ್ತ ಬಂದಿತ್ತು, ಅಕ್ಕನ ಆಟ ಮಾತ್ರ ಎರಡೂ ಕಡೆ ಕೂತಿತ್ತು. ಹಿಂದಿನ ವಾರವಷ್ಟೇ ಅದನ್ನು ಲಿನಕ್ಸಿನಲ್ಲೂ ಇನ್‌ಸ್ಟಾಲ್ ಮಾಡಿ, ತೆರೆದು, ಹೊಲ ಕಂಡದ್ದೇ ಅಕ್ಕನದು ಇಲ್ಲಿಗೂ ಬಂತೆಂದು ಹಿಗ್ಗಿ ಮುಚ್ಚಿದ್ದೆ. ಇನ್ನು ಎರಡು ಯಾಕೆ ಎಂದು ವಿಂಡೋಸಿನದನ್ನು ತೆಗೆದೆ. ಅದರ ಉಳಿದ ಫೈಲುಗಳನ್ನೂ ಅಳಿಸಿ, ಖಾಲಿಯಾದ ಜಾಗಕ್ಕೆ ನನ್ನದೇ ಹೊಸ ಆಟವೊಂದನ್ನು ತುಂಬಿದೆ.

ಮರುದಿನ ಅವ್ವ ಕೀಬೋರ್ಡಿನ ಮೇಲೆ ಚೆಂಡುಹೂ ಇಟ್ಟು ಆರತಿ ಬೆಳಗುತ್ತಿದ್ದಾಗ ನೆನಪಾಯಿತು: ಲಿನಕ್ಸಿನಲ್ಲಿ ನಾನು ಕಂಡ ಹೊಲ ಬರಿದಾಗಿತ್ತು. ಮನೆಯಿಲ್ಲ, ಗಿಡವಿಲ್ಲ. ಅದು ಹೊಸದಾಗಿ ಆಡುವವರಿಗೆಲ್ಲ ಕೊಡುವ ಮೊದಲ ತುಂಡು. ಅಕ್ಕನ ಮೂರು ವರ್ಷದ ಹೊಲವಿದ್ದದ್ದು ನಾನು ಅಳಿಸಿದ ಫೈಲುಗಳಲ್ಲಿ. ಆರತಿ ಮುಗಿಯುವ ಮೊದಲೇ ಗುಂಡಿಯತ್ತ ಕೈ ಹೋಯಿತು.

“ಮುಟ್ಟಬ್ಯಾಡ,” ಅಂದಳು ಅವ್ವ. “ನಾಳಿ ಬನ್ನಿ ಮುಡಿಯೋತನಕ ಅದು ಅಲುಗಬಾರದು. ಅದಕ್ಕೂ ಒಂದಿನ ಆರಾಮ ಬೇಕಲ್ಲ.”

ಆರಾಮವೆಲ್ಲ ಅದಕ್ಕೇ ಹೋಯಿತು. ನಾನು ಬಸ್ ನಿಲ್ದಾಣದವರೆಗೆ ನಡೆದೆ, ತಿರುಗಿ ಬಂದೆ, ಬೈಕನ್ನಾದರೂ ತೆಗೆಯೋಣವೆಂದರೆ ಅದಕ್ಕೂ ಕುಂಕುಮ ಹಚ್ಚಿತ್ತು. ಒಂದುವೇಳೆ ನಾನೇ ತಪ್ಪು ನೆನಪಿಸಿಕೊಂಡಿರಬಹುದೇ ಎಂದು ಮತ್ತೆ ಮತ್ತೆ ಅದೇ ಬರಿಯ ಹೊಲವನ್ನು ಕಣ್ಣ ಮುಂದೆ ತಂದುಕೊಂಡೆ.

ಮಧ್ಯಾಹ್ನದ ಬಸ್ಸಿಗೆ ಅಕ್ಕ ಬಂದಳು. “ಗೋದಿ ಕೊಯ್ಯಾಕ ಬಂದೈತಿ ಲೇ ತಮ್ಮಾ. ನಾಳಿ ಬನ್ನಿ ಮುಡಿದು ಕುಂತೇ ಬಿಡ್ತೀನಿ.” ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಚಹಾ ಕೇಳಿದೆ.

ಮರುದಿನ ಸಂಜೆ ಅಕ್ಕನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಬಂಗಾರ ತಗೊಂಡು ಬಂಗಾರದಂಗ ಇರೋಣ ಎನ್ನಬೇಕಾದ ಬಾಯಿಂದ ಬಂದದ್ದು, “ಅಕ್ಕಾ, ನಿನ್ನ ಹೊಲ ಅಳಿಸೀನಿ.”

ಅವಳು ಬನ್ನಿ ಹಿಡಿದುಕೊಂಡೇ ಒಳಗೆ ಹೋದಳು. ಚೆಂಡುಹೂ ಸರಿಸಿ ವಿಂಡೋಸ್ ತೆರೆದು ನೋಡಿದಳು, ಆಮೇಲೆ ಲಿನಕ್ಸ್. ಬರಿಯ ಹೊಲ ಬಂದು ನಿಂತಿತು.

“ಅಲ್ಲೂ ನಮಗ ಹೊಲ ಉಳೀಲಿಲ್ಲ ನೋಡು,” ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು.

ಆ ಪರದೆಯನ್ನು ಎಂದೂ ಸರಿಯಾಗಿ ನೋಡಿರದ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತಳು. “ಇದು ಯಾರ ಹೊಲ?”

“ನಂದೇ, ಯವ್ವಾ. ಮೊದಲಿಂದ ಮಾಡಬೇಕು. ಇದು ಬ್ಯಾಡಂದ್ರ ಬ್ಯಾರೆ ಯಾವ ತುಂಡು ಬೇಕು ಅಂತ ಕೇಳಾಕತ್ತೈತಿ.”

ಅವ್ವ ಸ್ಟೂಲ್ ಎಳೆದು ಕೂತಳು. ಪರದೆಗೆ ಬಂದ ನಕಾಶೆಯ ನೀಲಿ ಗೆರೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದಳು. “ಕಾಲುವಿ ತುದಿಗೆ ತಗೋಬ್ಯಾಡ, ನೀರು ಮುಟ್ಟಂಗಿಲ್ಲ. ಮ್ಯಾಲಿಂದು ತಗೋ.”

ಆ ಗೆರೆ ಹೊಳೆ, ಆಟದಲ್ಲಿ ಕಾಲುವೆಯೂ ಇಲ್ಲ, ನೀರಿನ ಸರದಿಯೂ ಇಲ್ಲ ಎಂದು ಹೇಳಲು ಹೋದೆ. ಅಕ್ಕ ನನ್ನತ್ತ ಕಣ್ಣು ಬಿಟ್ಟಳು. ಆಮೇಲೆ ಅವ್ವ ಬೆರಳಿಟ್ಟ ಹೊಲವನ್ನೇ ತಗೊಂಡಳು.