ಬಿಟ್ಟಿ ಮೇಡಂ ಮತ್ತು ಕಿಟಕಿಯ ಹೊಸ ಗಾಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನ ಗಾಡಿಯೊಂದನ್ನು ಬಿಟ್ಟರೆ ಓಣಿಯಲ್ಲಿ ನರಪಿಳ್ಳೆಯೂ ಇಲ್ಲ. ಇಂಥ ಹೊತ್ತಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಯಾರದೋ ಮನೆಯೆದುರು ಕತ್ತು ಹಿಂದಕ್ಕೆ ವಾಲಿಸಿ, ಮಹಡಿಯ ಕಿಟಕಿಯನ್ನು ನುಂಗುವಂತೆ ನೋಡುತ್ತ ನಿಂತಿದ್ದಾರೆ. ಕೈಯಲ್ಲಿ ಮುಚ್ಚಳ ಕಳೆದುಕೊಂಡ ಚಹಾದ ಫ್ಲಾಸ್ಕು, ಕಂಕುಳಲ್ಲಿ ಮಡಚಿದ ಕಪ್ಪು ಕೋಟು.

"ಯಾರಾದ್ರೂ ನೋಡಿದ್ರೆ ನಮ್ಮನ್ನೇ ಕಳ್ಳರು ಅಂದ್ಕೋತಾರೆ" ಎನ್ನುತ್ತೇನೆ, ಇವರ ಬಗ್ಗೆ ಬರೆಯಲು ಪತ್ರಿಕೆಯಿಂದ ಬಂದಿರುವ ನಾನು.

"ಅಂದ್ಕೊಳ್ಳಲಿ ಬಿಡಿ. ಒಬ್ಬರು ಒಳ್ಳೆ ವಕೀಲರು ಗೊತ್ತು ನನಗೆ" ಎನ್ನುತ್ತಾರೆ ಅವರು, ಕಣ್ಣು ಕದಲಿಸದೆ.

ಕೋರ್ಟಿನ ಆವರಣದಲ್ಲಿ ಇವರು ಬಿಟ್ಟಿ ಮೇಡಂ. ವಕೀಲರನ್ನು ಇಟ್ಟುಕೊಳ್ಳುವ ತಾಕತ್ತಿಲ್ಲದ ಆರೋಪಿಗೆ ಕೋರ್ಟೇ ಒಬ್ಬ ವಕೀಲರನ್ನು ಕೊಡುತ್ತದೆ. ಇಪ್ಪತ್ತು ವರ್ಷಗಳಿಂದ ಹಾಗೆ ಸಿಗುತ್ತಿರುವವರು ಇವರೇ. ಹೆಸರು ಇಟ್ಟವನು ಇವರೇ ಬಿಡಿಸಿದ ಒಬ್ಬ ಸೈಕಲ್ ಕಳ್ಳ. "ಅವನು ನಿಜವಾಗ್ಲೂ ಕದ್ದಿದ್ದ ಅನ್ಸುತ್ತೆ. ಆದ್ರೆ ಹೆಸರು ಮಾತ್ರ ಸ್ವಂತದ್ದು ಕೊಟ್ಟ" ಎಂದು ನಗುತ್ತಾರೆ. ಇವರ ಆಫೀಸು ಎಂದರೆ ಕೋರ್ಟಿನ ಮೆಟ್ಟಿಲ ಕೆಳಗಿನ ಮೂಲೆ. ಮೇಲೆ ಯಾರಾದರೂ ದಡದಡ ಇಳಿದರೆ ಮೇಜಿನ ಮೇಲೆ ಸುಣ್ಣದ ಪುಡಿ ಉದುರುತ್ತದೆ.

ಕೇಸು ಬಂದ ಕೂಡಲೇ ಇವರು ಮಾಡುವ ಮೊದಲ ಕೆಲಸ ಕಡತ ಓದುವುದಲ್ಲ, ಕಳ್ಳತನ ನಡೆದ ಜಾಗದ ಮುಂದೆ ಹೋಗಿ ನಿಲ್ಲುವುದು. ಅದೂ ಮನೆಯವರು ಏಳುವ ಮೊದಲು. "ಜನ ಎದ್ದ ಮೇಲೆ ಮನೇನೂ ಮುಖ ತೊಳ್ಕೊಂಡು ಕೂತಿರುತ್ತೆ" ಎನ್ನುವುದು ಇವರ ವಾದ. ಮೇಡಂ ಮನೆಯಲ್ಲಿ ಇದಕ್ಕೆ ಬೆಂಬಲವೂ ಇದೆ, ಗೇಲಿಯೂ ಇದೆ. ಫ್ಲಾಸ್ಕು ತುಂಬಿಸಿಕೊಡುವ ಯಜಮಾನರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವರು. "ನಾನು ಹಿಡೀತೀನಿ, ಇವಳು ಬಿಡಿಸ್ತಾಳೆ. ಸಂಸಾರ ನಡೀತಿದೆ" ಎನ್ನುತ್ತಾರೆ ಅವರು. ಹಿಂದೊಮ್ಮೆ ಇವರ ಮನೆಗೇ ಕನ್ನ ಬಿದ್ದಿತ್ತು. ತಾಯಿಯ ಸರ ಹೋಯಿತು, ಮತ್ತೆ ಸಿಗಲಿಲ್ಲ. ಆ ಕಳ್ಳನ ಪರವೂ ನಿಲ್ಲುತ್ತೀಯಾ ಎಂದು ನೆಂಟರೆಲ್ಲ ಕುಟುಕಿದರಂತೆ. "ಅವನಿಗೂ ಒಬ್ಬ ವಕೀಲ ಬೇಕೇ ಬೇಕು ಅಂದೆ. ಆದ್ರೆ ನಾನಲ್ಲಪ್ಪ, ಬೇರೆ ಯಾರಾದ್ರೂ. ನಾನೇನು ದೇವತೇನಾ?"

ಈಗ ಇವರ ಕೈಯಲ್ಲಿರುವುದು ಕಿಟಕಿಗಳಿಗೆ ಗಾಜು ಕೂರಿಸುವ ಒಬ್ಬ ಯುವಕನ ಕೇಸು. ಈ ಮಹಡಿ ಮನೆಯಲ್ಲಿ ಒಡವೆ ಹೋಗಿದೆ. ಬೀಗ ಮುರಿದಿಲ್ಲ, ಬಾಗಿಲು ಒಡೆದಿಲ್ಲ. ಆದರೆ ಮಹಡಿಯ ಕಿಟಕಿಯಲ್ಲಿ ಒಂದು ಗಾಜು ಕದಲದಂತೆ ಸುತ್ತ ಮೆತ್ತಿದ ಪುಟ್ಟಿ ಮಾತ್ರ ಹೊಸದು. ಅದರ ಮೂಲೆಯಲ್ಲಿ ಹೆಬ್ಬೆರಳಿನ ಅಚ್ಚು, ಅದು ಈ ಯುವಕನದೇ. ಗಾಜು ಬಿಚ್ಚಿ ಒಳಗೆ ಹೋದ, ಕದ್ದ, ಅನುಮಾನ ಬಾರದಿರಲೆಂದು ಅದೇ ಗಾಜನ್ನು ಮತ್ತೆ ಕೂರಿಸಿ ಹೋದ ಎನ್ನುತ್ತಾರೆ ಪೊಲೀಸರು. ಕೇಳಿದರೆ ಯಾರಾದರೂ ಒಪ್ಪುವ ಮಾತೇ.

ಯುವಕ ಹೇಳುವುದು ಬೇರೆ. ಕಳವಿಗೆ ಎಷ್ಟೋ ದಿನ ಮೊದಲು ಆ ಮನೆಯ ಅಜ್ಜಿಯೇ ಕರೆದು ಒಡೆದ ಗಾಜು ಬದಲಾಯಿಸಿಕೊಂಡರಂತೆ. ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡರಂತೆ. ಆ ಪುಣ್ಯಾತ್ಮ ಗಾಜಿನ ಚೂರನ್ನೂ ಗೋಣಿಯಲ್ಲಿ ಕಟ್ಟಿ ಒಯ್ದಿದ್ದಾನೆ, ಸಿಕ್ಕಿಬಿದ್ದ ಮೇಲೂ ಮೊದಲೆರಡು ದಿನ ಬಾಯಿ ಬಿಟ್ಟಿಲ್ಲ. ಆಮೇಲೆ ಹೇಳಿದಾಗ ಅದು ಕಟ್ಟುಕಥೆಯಂತೆ ಕೇಳಿಸಿದೆ. ನಮ್ಮ ಮನೆಯ ಗಾಜು ಒಡೆದೇ ಇಲ್ಲ ಎಂದು ಸೊಸೆ ಹೇಳಿಕೆ ಕೊಟ್ಟಿದ್ದಾರೆ. ಪಕ್ಕದಲ್ಲಿದ್ದ ಅಜ್ಜಿಯೂ ತಲೆಯಾಡಿಸಿದ್ದಾರೆ.

ಜೈಲಿನಲ್ಲಿ ಅವನನ್ನು ಕಂಡಾಗ ಅವನು ಹೇಳಿದ್ದನ್ನು ಮೇಡಂ ಹಾಗೆಯೇ ಒಪ್ಪಿಸುತ್ತಾರೆ: "ಜನ ನಂಬಿ ಮನೆಯೊಳಗೆ ಬಿಟ್ಕೊಂಡ್ರೆ ಮಾತ್ರ ನನಗೆ ಕೆಲಸ ಮೇಡಂ. ಒಂದ್ಸಲ ಕಳ್ಳ ಅಂತಾದ್ರೆ ಹೊರಗೆ ಬಂದೂ ಏನು ಮಾಡ್ಲಿ?"

ಸೂರ್ಯ ಎದುರು ಮನೆಯ ಚಾವಣಿ ದಾಟುತ್ತಾನೆ. ಬಿಸಿಲು ಓರೆಯಾಗಿ ಕಿಟಕಿಗೆ ಬೀಳುತ್ತದೆ. ಇದ್ದಕ್ಕಿದ್ದಂತೆ ಮೇಡಂ ನನ್ನ ರಟ್ಟೆ ಹಿಡಿಯುತ್ತಾರೆ, ಉಗುರು ನಾಟುವಷ್ಟು ಗಟ್ಟಿಯಾಗಿ. "ನೋಡಿ! ನೋಡಿ ಅಲ್ಲಿ!" ಹಳೆಯ ಗಾಜುಗಳಲ್ಲೆಲ್ಲ ಆಕಾಶ ಡೊಂಕುಡೊಂಕಾಗಿ, ಅಲೆಅಲೆಯಾಗಿ ಕಾಣುತ್ತಿದೆ. ಒಂದರಲ್ಲಿ ಮಾತ್ರ ನೆಟ್ಟಗೆ, ಸಪಾಟಾಗಿ. ನನ್ನ ಮಂದ ಬುದ್ಧಿಗೆ ಹೊಳೆಯಲು ಒಂದು ಕ್ಷಣ ಬೇಕಾಗುತ್ತದೆ. ಪುಟ್ಟಿ ಮಾತ್ರವಲ್ಲ, ಗಾಜೇ ಹೊಸದು! "ಅದೇ ಗಾಜು ವಾಪಸ್ ಕೂರಿಸಿದ ಅಂತಾರಲ್ಲ, ಇದು ಅದೇ ಗಾಜಾ? ಅಳತೆಗೆ ಕೊಯ್ದ ಹೊಸ ಗಾಜು ಹೊತ್ಕೊಂಡು ಯಾವ ಕಳ್ಳ ಏಣಿ ಹತ್ತುತ್ತಾನೆ ಹೇಳಿ!" ಮೇಡಂ ಕುಣಿಯುವುದೊಂದು ಬಾಕಿ. ಚಹಾ ಅರ್ಧ ನೆಲಕ್ಕೆ, ಅರ್ಧ ನನ್ನ ಅಂಗಿಗೆ. ನನಗೂ ಮೈಯೆಲ್ಲ ಝುಮ್ಮೆನ್ನುತ್ತಿದೆ, ಸುಳ್ಳೇಕೆ ಹೇಳಲಿ.

ಆದರೆ ಅಷ್ಟಕ್ಕೇ ಗೆದ್ದಂತಲ್ಲ. ಬಿಚ್ಚುವಾಗ ಒಡೆಯಿತು, ಮರುರಾತ್ರಿ ಹೊಸದು ತಂದ ಎಂದು ಎದುರು ವಕೀಲರು ಹೇಳಬಹುದು. ಅಜ್ಜಿ ಬಾಯಿ ಬಿಡಲೇಬೇಕು. ಮೇಡಂ ಅಜ್ಜಿಯನ್ನು ಸಾಕ್ಷಿಯಾಗಿ ಕರೆಸುತ್ತಾರೆ. "ಉತ್ತರ ಗೊತ್ತಿಲ್ಲದ ಪ್ರಶ್ನೆ ಕೋರ್ಟಲ್ಲಿ ಕೇಳಬಾರದು ಅಂತ ನಮಗೆಲ್ಲ ಮೊದಲ ದಿನವೇ ಹೇಳ್ಕೊಡ್ತಾರೆ. ನಾನು ಕೇಳೋದು ಅದನ್ನೇ" ಎನ್ನುತ್ತಾರೆ.

ವಿಚಾರಣೆಯ ದಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಯುವಕನ ಅಕ್ಕ ಕೂತಿದ್ದಾರೆ, ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ಮುಂದಿನ ಬೆಂಚಿನಲ್ಲಿ ಸೊಸೆ. ಅಜ್ಜಿ ಊರುಗೋಲು ಹಿಡಿದು ಸಾಕ್ಷಿಕಟ್ಟೆ ಹತ್ತುತ್ತಾರೆ.

"ನಿಮ್ಮ ರೂಮಿನ ಕಿಟಕಿ ಗಾಜು ಯಾವತ್ತಾದ್ರೂ ಒಡೆದಿತ್ತಾ, ಅಮ್ಮ?"

ಅಜ್ಜಿಯ ಕಣ್ಣು ಸೊಸೆಯ ಕಡೆ ಹೊರಳುತ್ತದೆ. "ಇಲ್ಲಮ್ಮ. ಗಾಜು ಯಾಕೆ ಒಡೆಯುತ್ತೆ?"

ಹಿಂದೆ ಅಕ್ಕ ಮುಖ ಮುಚ್ಚಿಕೊಳ್ಳುತ್ತಾರೆ. ಎದುರು ವಕೀಲರು ಆಗಲೇ ಕಾಗದ ಜೋಡಿಸಿಕೊಳ್ಳುತ್ತಿದ್ದಾರೆ. ಮೇಡಂ ಮಾತ್ರ ಕೂರುವುದಿಲ್ಲ. ಸಾಕ್ಷಿಯು ಆರೋಪಿಯನ್ನು ಹತ್ತಿರದಿಂದ ನೋಡಲು ಅವಕಾಶ ಕೊಡಬೇಕು ಎಂದು ನ್ಯಾಯಾಧೀಶರನ್ನು ಕೇಳುತ್ತಾರೆ. ಅಜ್ಜಿಗೆ ಇಷ್ಟು ದಿನ ಯಾರೂ ಹಿಡಿದವನನ್ನು ತೋರಿಸಿಯೇ ಇಲ್ಲ. ಕಳ್ಳ ಸಿಕ್ಕ ಎಂದಷ್ಟೇ ಹೇಳಿದ್ದಾರೆ.

ಅಜ್ಜಿ ನಿಧಾನವಾಗಿ ಇಳಿದು ಕಟಕಟೆಯ ಹತ್ತಿರ ಹೋಗುತ್ತಾರೆ. ಮುಖವನ್ನು ಅವನ ಮುಖದ ಹತ್ತಿರಕ್ಕೆ ಒಯ್ಯುತ್ತಾರೆ. ಅವನು ತಲೆ ತಗ್ಗಿಸಿ ನಿಂತಿದ್ದಾನೆ.

"ಅಯ್ಯೋ, ಇವನು ನಮ್ಮ ಗಾಜಿನ ಹುಡುಗ ಅಲ್ವೇ! ಇವನನ್ನ ಯಾಕೆ ಇಲ್ಲಿ ನಿಲ್ಲಿಸಿದ್ದೀರಾ?"

ಆಮೇಲೆ ಅಜ್ಜಿಯನ್ನು ನಿಲ್ಲಿಸುವುದೇ ಕಷ್ಟವಾಗುತ್ತದೆ. ಪಾರಿವಾಳ ಓಡಿಸಲು ಊರುಗೋಲು ಬೀಸಿದ್ದು, ಗಾಜು ಫಳಾರೆಂದದ್ದು, ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಇವನನ್ನು ಕರೆದದ್ದು, ಎಲ್ಲ ಹೊರಬರುತ್ತದೆ. ಯಾಕೆ ಮುಚ್ಚಿಟ್ಟಿರಿ ಎಂದು ನ್ಯಾಯಾಧೀಶರೇ ಕೇಳುತ್ತಾರೆ. "ಕಣ್ಣು ಕಾಣಲ್ಲ ಅಂತ ಒಲೆ ಹತ್ರ ಹೋಗೋದು ಆಗಲೇ ಬಿಡಿಸಿದ್ರು ಸ್ವಾಮಿ. ಇದೂ ಗೊತ್ತಾದ್ರೆ ಮಹಡಿ ರೂಮೂ ಹೋಗುತ್ತೆ ಅಂತ ಭಯ. ನನ್ನ ಗಾಜಿಗೆ ಈ ಮಗು ಜೈಲಲ್ಲಿ ಕೂತಿದೆ ಅಂತ ಯಾರು ಹೇಳಿದ್ರು ನನಗೆ?" ಅಜ್ಜಿ ಅಳುತ್ತಾರೆ. ಸೊಸೆ ಎದ್ದು ಬಂದು ಅವರ ಕೈ ಹಿಡಿಯುತ್ತಾರೆ. "ರೂಮು ನಿಮ್ಮದೇ ಅತ್ತೆ, ಅಳಬೇಡಿ" ಎನ್ನುತ್ತಾರೆ, ತಾವೂ ಅಳುತ್ತ.

ಮಧ್ಯಾಹ್ನದ ಬಿಡುವಿನ ನಂತರ ತೀರ್ಪು ಬರುತ್ತದೆ: ನಿರ್ದೋಷಿ. ಅಕ್ಕ ಬೆಂಚು ದಾಟಿ ಓಡುತ್ತಾರೆ. ನಾನು ಪತ್ರಕರ್ತನೆಂಬುದನ್ನು ಮರೆತು ಚಪ್ಪಾಳೆ ತಟ್ಟಿ, ಜವಾನನಿಂದ ಬೈಸಿಕೊಳ್ಳುತ್ತೇನೆ.

ಎಲ್ಲ ದಿನವೂ ಹೀಗಲ್ಲ, ಸೋತದ್ದೇ ಜಾಸ್ತಿ ಎಂದು ಮೇಡಂ ಎಚ್ಚರಿಸುತ್ತಾರೆ. ಆದರೂ ಇವತ್ತು ಅವರ ಮುಖ ಇಷ್ಟಗಲ. ಯುವಕ ಬಂದು ಕೈಮುಗಿಯುತ್ತಾನೆ. "ಎಲ್ಲಿ ಸಿಕ್ರೂ ನಿಂತು ಮಾತಾಡಿಸ್ತೀನಿ ಮೇಡಂ."

"ಬೇಡಪ್ಪ. ಇವರು ಯಾರು, ಹೇಗೆ ಪರಿಚಯ ಅಂತ ಜೊತೇಲಿದ್ದವರು ಕೇಳ್ತಾರೆ. ಏನಂತ ಹೇಳ್ತೀಯಾ? ನಾನು ಕಂಡ್ರೆ ಸುಮ್ನೆ ಹೋಗ್ತಿರು."

ಅವನು ಅಕ್ಕನ ಜೊತೆ ಹೊರಡುತ್ತಾನೆ. ಬಿಡುಗಡೆಯಾದವರೆಲ್ಲ ರಸ್ತೆಯಲ್ಲಿ ಇವರನ್ನು ಕಂಡು ಮುಖ ತಿರುಗಿಸಿಕೊಂಡು ಹೋಗುತ್ತಾರಂತೆ. ಬೇಜಾರಾಗುವುದಿಲ್ಲವೇ ಎನ್ನುತ್ತೇನೆ.

"ಯಾಕ್ರೀ ಬೇಜಾರು? ಮುಖ ತಿರುಗಿಸ್ಕೊಂಡ್ರೆ ಅವರ ಬದುಕು ನೆಟ್ಟಗಾಗಿದೆ ಅಂತ ಅರ್ಥ. ಸಂತೇಲಿ ನಾಲ್ಕು ಜನ ಹಾಗೆ ಮಾಡಿದ ದಿನ ನಾನು ಹಾಡು ಹೇಳ್ಕೊಂಡು ಮನೆಗೆ ಹೋಗ್ತೀನಿ."

ಗೇಟಿನ ಬಳಿ ಅಕ್ಕ ತಿರುಗಿ ಕೈ ಬೀಸುತ್ತಾರೆ. ಯುವಕ ತಿರುಗದೆ ರಸ್ತೆಗಿಳಿಯುತ್ತಾನೆ.

"ನೋಡಿದ್ರಾ, ಜಾಣ" ಎನ್ನುತ್ತಾರೆ ಬಿಟ್ಟಿ ಮೇಡಂ, ಅವನು ಕಣ್ಮರೆಯಾಗುವವರೆಗೂ ನೋಡುತ್ತ.