ಗುಬ್ಬಿಯ ಬೋರಿಂಗ್ ಗಂಗಕ್ಕ

ಆ ಶನಿವಾರ ಬೆಳಿಗ್ಗೆ ಮೈದಾಹಿಟ್ಟು ತೂಗಲೆಂದು ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಕೆಳಗಿಳಿಸಿದೆ. ಅದರ ಬಿಳಿಯ ಅಂಚಿನ ಮೇಲೆ ಹೆಬ್ಬೆರಳಿನ ಒಂದು ಕಪ್ಪು ಗುರುತಿದೆ. ನಿಂಬೆಹಣ್ಣು, ಸೋಡಾಪುಡಿ, ಕೊನೆಗೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗಿಲ್ಲ. ಹೊರಗೆ ನಮ್ಮ ಮನೆಯವರು ಕಾರು ಸ್ಟಾರ್ಟ್ ಮಾಡಿ, ಕೈಗಡಿಯಾರ ನೋಡುತ್ತ ಗೇಟಿನ ಬಳಿ ನಿಂತಿದ್ದರು. ತಣ್ಣಗಿರುವ ಇಂಜಿನ್ನು ಟಕಟಕ ಎನ್ನುತ್ತಿತ್ತು. ಆ ಸದ್ದು ನಿಲ್ಲುವವರೆಗೆ ಅವರು ಕಾರು ಹತ್ತುವುದಿಲ್ಲ. ಪಕ್ಕದ ಮನೆಯ ರೇವಣ್ಣ ಕಾಂಪೌಂಡಿನ ಮೇಲಿಂದ ಎಂದಿನಂತೆ ಕೂಗಿದರು: "ಏನ್ಸಾರ್, ಹಾಲು ಉಕ್ತಾ?" ಇವರು ಎಂದಿನಂತೆ ನಕ್ಕರು.

ಆ ಗುರುತು ಗಂಗಕ್ಕನದು. ಆ ಟಕಟಕವೂ ಗಂಗಕ್ಕನದೇ. ಮರುದಿನ ಗುಬ್ಬಿಗೆ ಹೋಗಿ ಆಕೆಯ ಕೈಗೆ ಒಂದು ಕೇಕು ಕೊಟ್ಟು, ಎಂಟು ತಿಂಗಳಿನಿಂದ ನುಂಗಿಕೊಂಡಿದ್ದ ಮಾತನ್ನು ಇವರೆದುರಿಗೇ ಹೇಳಿಬಿಡಬೇಕೆಂದು ನಾನು ನಿಶ್ಚಯಿಸಿದ್ದೆ. ಮೊಟ್ಟೆ ಹಾಕದ ಕೇಕು. ಆಕೆ ಲಿಂಗ ಕಟ್ಟಿಕೊಂಡವಳು.

ಗಂಗಕ್ಕನನ್ನು ಮೊದಲ ಸಲ ನೋಡಿದಾಗ ಆಕೆ ಬಳೆ ತೆಗೆಯುತ್ತಿದ್ದಳು. ಗುಬ್ಬಿಯ ಬಸ್ ನಿಲ್ದಾಣದಾಚೆಗಿನ ಶೀಟಿನ ಶೆಡ್ಡು, ಒಳಗೆ ಕಪ್ಪು ನೆಲ. ಸವೆದ ಸಿಲಿಂಡರನ್ನು ಕೊರೆದು ನಯ ಮಾಡುವ, ಆಳೆತ್ತರದ ಬೋರಿಂಗ್ ಮಿಷನ್ನು. ಅದರ ಮುಂದೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟ, ಐವತ್ತು ದಾಟಿದ ಹೆಂಗಸು. ಹಣೆಯಲ್ಲಿ ವಿಭೂತಿ, ತುರುಬಿನಲ್ಲಿ ಹೂವಿನ ಜಾಗದಲ್ಲಿ ಒಂದು ಸೀಮೆಸುಣ್ಣದ ಕಡ್ಡಿ. ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ಗೋಡೆಯ ಮೊಳೆಗೆ ಹಾಕುತ್ತಿದ್ದಳು. ನಾನು ಬಿಟ್ಟಕಣ್ಣು ಬಿಟ್ಟಂತೆ ನೋಡುವುದನ್ನು ಕಂಡು, "ಮಿಷನ್ನಿಗೆ ಬಳೆ ಕಂಡ್ರಾಗಲ್ಲ ಅಕ್ಕಾವ್ರೆ. ಅದಕ್ಕೂ ಹೊಟ್ಟೆಕಿಚ್ಚು, ಕೈನೇ ಎಳ್ಕೊಂಡ್ಬುಡ್ತದೆ" ಎಂದಳು.

ಊರು ಹಾಗಲವಾಡಿ. ಅಂಗಡಿ ಅಪ್ಪನದು. "ನಮ್ಮಪ್ಪಂಗೆ ಇಬ್ರೇ ಮಕ್ಳು. ನಾನು, ಈ ಮಿಷನ್ನು. ಮದ್ವೆ ಮಾಡಿ ಕಳ್ಸಕ್ಕಾಗಿದ್ದು ನನ್ನೊಬ್ಳನ್ನ. ನಾನೂ ವಾಪಸ್ ಬಂದ್ಬುಟ್ಟೆ" ಎಂದು ಯಾರು ಕೇಳಿದರೂ ಒಂದೇ ನಗುವಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ನಮ್ಮನ್ನು ಅಲ್ಲಿಗೆ ಕಳಿಸಿದ್ದು ರೇವಣ್ಣನೇ. ಅವರ ಬಾಡಿಗೆ ವ್ಯಾನುಗಳ ಇಂಜಿನ್ ಕೆಲಸವೆಲ್ಲ ಗಂಗಕ್ಕನದು. ನಮ್ಮದು ಮಾವನವರ ಕಾಲದ ಕಾರು, ದೇವರಾಯನದುರ್ಗದ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಇವರಿಗೆ ಕಾಲೇಜಿನ ದಿನಗಳಿಂದ ಒಂದು ಆಸೆ: ಅದರೊಳಗೆ ಫೋರ್ಜ್ಡ್ ಪಿಸ್ಟನ್ ಹಾಕಿಸಿ ಆ ಏರನ್ನು ಒಂದೇ ಉಸಿರಿಗೆ ಹತ್ತಿಸಬೇಕು. ಎರಕ ಹೊಯ್ದದ್ದಲ್ಲ, ಬಿಸಿ ಲೋಹವನ್ನು ಬಡಿದು ಒತ್ತಿ ಮಾಡಿದ ಪಿಸ್ಟನ್. ಬೇಕಾದ ಸಾಮಾನುಗಳ ಪಟ್ಟಿಯನ್ನು ಎರಡು ಹಾಳೆ ಬರೆದುಕೊಂಡು ಹೋಗಿದ್ದರು. ಗಂಗಕ್ಕ ತುರುಬಿನಿಂದ ಸೀಮೆಸುಣ್ಣ ಎಳೆದು ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಹೊಡೆದುಹಾಕಿದಳು.

"ಪಿಸ್ಟನ್ ಒಂದು ತರ್ಸಿ ಸಾರ್. ರೇಸ್ ಗಾಡಿಯೋರ ಹತ್ರ ಹಾಕ್ದೆ ಉಳ್ದಿರೋ ಸೆಟ್ಟು ಸಿಗ್ತದೆ. ಮಿಕ್ಕಿದ್ದೆಲ್ಲ ಇರೋದ್ನೇ ತೊಳ್ದು ಹಾಕ್ತೀನಿ. ಸಂಬ್ಳದ ಮನುಷ್ಯ ನೀವು, ಇದನ್ನೆಲ್ಲ ಕೊಂಡ್ರೆ ಅಕ್ಕಾವ್ರು ಏನ್ ಬೇಯಿಸ್ತಾರೆ?"

ಇವರು ಗಲಗಲ ನಕ್ಕರು. ನನಗೆ ನಗು ಬರಲಿಲ್ಲ. ಇವರು ಕಾಲೇಜೊಂದರಲ್ಲಿ ಲೈಬ್ರರಿಯನ್. ಮನೆಯಲ್ಲೂ ಲೈಬ್ರರಿಯ ಮೌನವೇ. ಹುಳಿಯೋ ಸಾರೋ ಎಂದರೆ 'ಏನಾದ್ರೂ' ಎನ್ನುವವರು. ಆ ಶೆಡ್ಡಿನಲ್ಲಿ ಮಾತ್ರ ಸ್ಟೂಲಿನ ತುದಿಯಲ್ಲಿ ಕೂತು, ಅದು ಯಾಕೆ ಹಾಗೆ, ಇದು ಯಾಕೆ ಹೀಗೆ ಎಂದು ಕೇಳುತ್ತಲೇ ಇದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನನ್ನು ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಅನುಮಾನಪಡುವಂಥದ್ದು ಏನೂ ಇರಲಿಲ್ಲ, ದೇವರಾಣೆಗೂ ಇರಲಿಲ್ಲ. ಅದೇ ನನ್ನ ಕಷ್ಟ. ಜಗಳ ಆಡಲು ನನ್ನ ಹತ್ತಿರ ಕಾರಣವೇ ಇರಲಿಲ್ಲ.

ಒಂದು ಭಾನುವಾರ ತಕ್ಕಡಿ ಕಾಣೆಯಾಯಿತು. ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದ ಕೇಕಿಗೆ ಗ್ರಾಮಿನ ಲೆಕ್ಕದಲ್ಲಿ ಹಿಟ್ಟು ತೂಗಲು ನಾನು ಆಸೆಪಟ್ಟು ಕೊಂಡದ್ದು. ಸಂಜೆ ಇವರ ಬ್ಯಾಗಿನಿಂದ ಹೊರಬಂದಾಗ ಅದರ ಮೇಲೆ ಆ ಹೆಬ್ಬೆರಳು ಕೂತಿತ್ತು. ನಾಲ್ಕು ಪಿಸ್ಟನ್‌ಗಳ ತೂಕ ಒಂದೇ ಇರಬೇಕಂತೆ. ಹೆಚ್ಚು ತೂಗಿದ್ದನ್ನು ಗಂಗಕ್ಕ ಒಳಗಡೆಯಿಂದ ಅರದಲ್ಲಿ ಉಜ್ಜಿ ಉಜ್ಜಿ ಸಮ ಮಾಡಿದಳಂತೆ. "ಪಲ್ಲಕ್ಕಿ ಹೊರೋ ನಾಲ್ಕು ಜನಾನೂ ಒಂದೇ ಎತ್ರ ಇರ್ಬೇಕಲ್ವಾ ಸಾರ್? ಇಲ್ಲಿ ಎತ್ರದ ಬದ್ಲು ತೂಕ" ಎಂದಳಂತೆ. ಊಟಕ್ಕೆ ಕೂತವರು ತಟ್ಟೆ ಮರೆತು ಹೇಳಿದರು: "ಒಂದು ಗ್ರಾಮೂ ಆಚೀಚೆ ಇಲ್ಲ ಕಣೆ. ಎಂಥಾ ಕೈ ಅಂತೀಯ!" ನಾನು ನನ್ನ ಕೈ ನೋಡಿಕೊಂಡೆ. ಆ ಬೆಳಿಗ್ಗೆ ಇದೇ ಕೈ ನೂರೆಂಟು ಕೋಡುಬಳೆ ಒಂದೇ ಅಳತೆಗೆ ಸುತ್ತಿತ್ತು.

ಕಾರು ಸಿದ್ಧವಾದ ದಿನ ನಾನೂ ಹೋಗಿದ್ದೆ. ಚಕ್ರದಡಿ ಇಡಲು ನಿಂಬೆಹಣ್ಣು, ಒಡೆಯಲು ತೆಂಗಿನಕಾಯಿ ತರಲೆಂದು ಇವರು ಪೇಟೆಯ ಕಡೆ ಹೋದರು. ಅಷ್ಟರಲ್ಲಿ ಯಾರದೋ ಟ್ರ್ಯಾಕ್ಟರಿನ ಇಂಜಿನ್ ಬಂದು ಇಳಿಯಿತು. ಗಂಗಕ್ಕ ಬಳೆ ಕಳಚುತ್ತಲೇ ನನ್ನ ಹತ್ತಿರ ಬಂದಳು.

"ಅಕ್ಕಾವ್ರೆ, ಸಾರ್‌ಗೆ ಒಂದ್ಮಾತು ಹೇಳ್ಬುಡಿ. ಈ ಪಿಸ್ಟನ್ನು ಕಾದ್ರೆ ಜಾಸ್ತಿ ಉಬ್ಬುತ್ತೆ, ಅದಕ್ಕೆ ಸುತ್ತ ಸ್ವಲ್ಪ ಜಾಗ ಬಿಟ್ಟಿದೀನಿ. ಬೆಳಿಗ್ಗೆ ತಣ್ಣಗಿದ್ದಾಗ ಟಕಟಕ ಅಂತದೆ, ಹೆದ್ರಬೇಡಿ. ಸದ್ದು ನಿಲ್ಲೋಗಂಟ ನಿಂತಲ್ಲೇ ಬುಡಿ, ಆಮೇಲೆ ಹೊರಡಿ. ತಣ್ಣಗಿದ್ದಾಗ್ಲೇ ತುಳಿದ್ರೆ ಪಿಸ್ಟನ್ನು ಮೊದ್ಲೇ ಉಬ್ಬಿ ಸಿಲಿಂಡರ್‌ಗೆ ಕಚ್ಕೊಂಡು ಇಂಜಿನ್ ಹಿಡ್ಕೊಂಡ್ಬುಡ್ತದೆ. ನಾನ್ ಹೇಳಿದ್ರೆ ಇನ್ನ ಹತ್ತು ಪ್ರಶ್ನೆ ಕೇಳ್ತಾರೆ, ನೀವ್ ಹೇಳಿದ್ರೆ ಸುಮ್ನೆ ಕೇಳ್ತಾರೆ."

ನೀವು ಹೇಳಿದರೆ ಸುಮ್ಮನೆ ಕೇಳ್ತಾರೆ! ಗೇಲಿ ಮಾಡುತ್ತಿದ್ದಾಳೆ ಅನ್ನಿಸಿತು. ಇವರು ನಿಂಬೆಹಣ್ಣು ಹಿಡಿದು ಬರುವ ಹೊತ್ತಿಗೆ ಆಕೆ ಮಿಷನ್ನಿನ ಗದ್ದಲದೊಳಗಿದ್ದಳು. ಅಲ್ಲಿಂದಲೇ ಕೈಬೀಸಿದಳು. ದಾರಿಯುದ್ದಕ್ಕೂ ಇವರು ಗಂಗಕ್ಕನನ್ನೇ ಹೊಗಳಿದರು. ಮನೆಗೆ ಹೋಗಿ ಹೇಳೋಣವೆಂದುಕೊಂಡೆ. ಊಟವಾದ ಮೇಲೆ ಹೇಳೋಣವೆಂದುಕೊಂಡೆ.

ಮರುದಿನ ಹುಲಿಯೂರುದುರ್ಗದಲ್ಲಿ ನನ್ನ ಅಣ್ಣನ ಮೊಮ್ಮಗಳ ನಾಮಕರಣ. ಚಳಿಯಿತ್ತು. ಕಾರು ಸ್ಟಾರ್ಟಾದದ್ದೇ ಟಕಟಕ ಎಂದಿತು. ಇವರು ನನ್ನ ಕಡೆ ತಿರುಗಿ ಕೇಳಿದರು: "ಏನೇ ಅದು ಸದ್ದು?"

ಅವರು ಕೇಳಿದ್ದರು. ನನ್ನನ್ನೇ, ನನಗೆ ಮಾತ್ರ ಉತ್ತರ ಗೊತ್ತಿದ್ದ ಪ್ರಶ್ನೆಯನ್ನು. ನಾನು ಸೆರಗು ಸರಿಮಾಡಿಕೊಳ್ಳುತ್ತ, "ನನಗೇನು ಗೊತ್ತು? ನಿಮ್ಮ ಗಂಗಕ್ಕನ್ನ ಕೇಳಿ" ಎಂದೆ.

ಹೊಸ ಇಂಜಿನ್ನಿನ ಹುಮ್ಮಸ್ಸು, ಖಾಲಿ ರಸ್ತೆ. ಕುಣಿಗಲ್ ದಾರಿ ಹಿಡಿದವರೇ ತುಳಿದರು. ಗೂಳೂರು ತಲುಪುವ ಮೊದಲೇ ಇಂಜಿನ್ನು ಕೀಚಲು ದನಿ ತೆಗೆದು ಹಿಡಿದುಕೊಂಡುಬಿಟ್ಟಿತು.

ಗಾಡಿಯನ್ನು ಎಳೆಸಿಕೊಂಡು ಗುಬ್ಬಿಗೆ ಹೋದೆವು. ಎರಡು ದಿನ ಬಿಟ್ಟು, ಬಿಚ್ಚಿದ ಇಂಜಿನ್ ನೋಡಲು ಕರೆದಳು. ಒಂದು ಪಿಸ್ಟನ್ನನ್ನು ಬಾಗಿಲ ಬೆಳಕಿಗೆ ಹಿಡಿದಳು. ಮೈತುಂಬ ಉದ್ದುದ್ದ ಗೀರು. ಅದರ ಮೇಲೆ ಕಿರುಬೆರಳಾಡಿಸಿ, ತಲೆ ಎತ್ತಿ ನನ್ನನ್ನು ನೋಡಿದಳು. ಒಂದೇ ಒಂದು ಸಲ. ಆಕೆಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಗೋಡೆಯ ಮೊಳೆಯಲ್ಲಿ ಬಳೆಗಳಿದ್ದವು. ನಾನು ಅವನ್ನೇ ನೋಡುತ್ತ ನಿಂತೆ.

"ತಪ್ಪು ನಂದೇ ಸಾರ್" ಎಂದಳು ಇವರಿಗೆ. "ತಣ್ಣಗಿದ್ದಾಗ ಓಡಿಸ್ಬೇಡಿ ಅಂತ ಹೇಳ್ಬೇಕಿತ್ತು. ಮರ್ತುಬುಟ್ಟೆ."

ಇವರು ಬೈಯಲಿಲ್ಲ. ಮುಖ ಸಣ್ಣದಾಯಿತು ಅಷ್ಟೆ. "ಇಷ್ಟು ಮುಖ್ಯವಾದ್ದನ್ನ ಮರೆಯೋದಾ ಗಂಗಮ್ಮ?" ಎಂದು ಹೊರಗೆ ಹೋಗಿ ನಿಂತರು. ಗಂಗಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, "ಕೂತ್ಕೊಂಡು ಕುಡೀರಿ ಅಕ್ಕಾವ್ರೆ" ಎಂದಳು. ಕೂಲಿ ತೆಗೆದುಕೊಳ್ಳದೆ ಇಂಜಿನ್ನನ್ನು ಮತ್ತೆ ಕಟ್ಟಿಕೊಟ್ಟಳು. ಅದೇ ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು. ನಿಜ ಹೇಳುತ್ತೇನೆ, ಅಂದು ಮನೆಗೆ ಬರುವಾಗ ನಾಚಿಕೆಗಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಹೊಟ್ಟೆಕಿಚ್ಚೇ. ಆ ಸುಳ್ಳು ಹೇಳುವಷ್ಟು ದೊಡ್ಡ ಮನಸ್ಸು ಆಕೆಗೆ ಎಲ್ಲಿಂದ ಬಂತು?

ಆಮೇಲೆ ಇವರು ಗುಬ್ಬಿಗೆ ಹೋಗಲಿಲ್ಲ. ನನ್ನ ಭಾನುವಾರಗಳು ನನಗೆ ವಾಪಸು ಬಂದವು, ಪೇಪರ್ ಓದುತ್ತ ಸುಮ್ಮನೆ ಕೂತ ಗಂಡನ ಸಮೇತ. ಒಮ್ಮೆ ಗೇಟಿನ ಬಳಿ ರೇವಣ್ಣನಿಗೆ, "ಗಂಗಮ್ಮನಿಗೂ ಮರೆವು ಶುರುವಾಯ್ತು ರೀ" ಎಂದು ಕಥೆಯನ್ನೆಲ್ಲ ತಮಾಷೆಯಾಗಿ ಹೇಳುತ್ತಿದ್ದರು. ನಾನು ಒಳಗೆ ಹಪ್ಪಳ ಕರಿಯುತ್ತಿದ್ದೆ. ಎಲ್ಲ ಕೇಳಿಸಿತು. ಹಪ್ಪಳ ತಿರುವಿ ಹಾಕಿದೆ.

ಎಂಟು ತಿಂಗಳು ದಿನವೂ ಆ ಟಕಟಕ ಕೇಳಿದ ಮೇಲೆ, ಆ ಶನಿವಾರ ಕೇಕು ಮಾಡಿದೆ. ಚೆನ್ನಾಗಿ ಉಬ್ಬಿತ್ತು. ಸಂಜೆ ಆರಲೆಂದು ಕಿಟಕಿಯ ಬಳಿ ಇಟ್ಟು, ತುಳಸಿಗೆ ನೀರು ಹಾಕಲು ಹೊರಗೆ ಬಂದೆ. ರೇವಣ್ಣ ಪೈಪು ಹಿಡಿದು ವ್ಯಾನು ತೊಳೆಯುತ್ತಿದ್ದರು.

"ಏನ್ ಮೇಡಮ್, ಘಮಘಮ ಅಂತೈತೆ? ಯಾರ್ದು ಹುಟ್ಟಿದಬ್ಬ?"

"ಯಾರದೂ ಇಲ್ಲ. ನಾಳೆ ಗುಬ್ಬಿಗೆ, ಗಂಗಕ್ಕನ ಅಂಗಡಿಗೆ ಹೋಗ್ತಿದೀವಿ."

"ಅಯ್ಯೋ, ಅಂಗ್ಡಿ ಎಲ್ಲೈತೆ? ಮಿಷನ್ನು ಗುಜರಿಯೋನಿಗೆ ಕೊಟ್ಟು ಹೋದ್ವಾರಾನೇ ಹಾಗಲವಾಡಿ ಸೇರ್ಕೊಂಡ್ಲಂತೆ. ಗಾಡಿಗಳೇ ಬರ್ತಿರ್ಲಿಲ್ವಂತೆ" ಎಂದು ರೇವಣ್ಣ ಬಗ್ಗಿ ಚಕ್ರಕ್ಕೆ ನೀರು ಬಿಟ್ಟರು. "ನಿಮ್ ಸಾರ್ ಕಾರಿಗೆ ಹಂಗ್ ಮಾಡಿದ್ ಕೇಳಿದ್ಮೇಲೆ ನಾನೂ ಬುಟ್ಬುಟ್ಟೆ ಮೇಡಮ್. ನಮ್ ಸ್ಟ್ಯಾಂಡಿನೋರಿಗೆಲ್ಲ ಹೇಳ್ದೆ, ಮರ್ತೋಗೋ ಕೈಗೆ ಇಂಜಿನ್ ಕೊಡ್ಬ್ಯಾಡ್ರಪ್ಪಾ ಅಂತ."